ಎರೆ ಮಣ್ಣಿನಲ್ಲಿ ಜಂತುಹುಳದ ಮೊಟ್ಟೆ ಹುಡುಕುವುದು: ಪ್ರಾಕ್ಟಿಕಲ್‌ಗೆ ಮುಂಚಿನ ಟಿಪ್ಪಣಿ

ದಾವಣಗೆರೆ ಕಡೆ ಭತ್ತ ಬೆಳೆಯುವ ಮನೆಯವರಿಗೆ ಈ ಪಾಠ ಅರ್ಧ ಆಗಲೇ ಗೊತ್ತಿರುತ್ತದೆ. ಬಿತ್ತುವ ಮುಂಚೆ ಬೀಜದ ಭತ್ತವನ್ನು ಉಪ್ಪು ನೀರಿಗೆ ಹಾಕುತ್ತಾರಲ್ವಾ? ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಉಪ್ಪು ಸಾಕಾಯಿತಾ ಎಂದು ನೋಡಲು ಒಂದು ಕೋಳಿಮೊಟ್ಟೆ ಬಿಡುತ್ತಾರೆ. ತೇಲಿದರೆ ನೀರು ಹದವಾಗಿದೆ ಎಂದರ್ಥ. ಲ್ಯಾಬಿನ ಫ್ಲೋಟೇಶನ್ ಕೂಡ ಇದೇ. ಭತ್ತದಲ್ಲಿ ತೇಲಿದ್ದನ್ನು ಚೆಲ್ಲುತ್ತಾರೆ, ಲ್ಯಾಬಿನಲ್ಲಿ ನಮಗೆ ತೇಲಿದ್ದೇ ಬೇಕು.

ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ, ಕೊಕ್ಕೆಹುಳದ ಮೊಟ್ಟೆ ಸುಮಾರು 1.06, ದುಂಡುಹುಳ ಅಂದರೆ ಆಸ್ಕರಿಸ್‌ನದು 1.11, ಚಾವಟಿ ಹುಳದ್ದು 1.15. ಮಣ್ಣಿನ ಖನಿಜ ಕಣ 2.6ರ ಆಸುಪಾಸು. ಇವೆರಡರ ನಡುವೆ ನಿಲ್ಲುವ ದ್ರಾವಣ ಬೇಕು, ಅಷ್ಟೇ. ಲೀಟರ್ ನೀರಿಗೆ 400 ಗ್ರಾಂ ಉಪ್ಪು ಹಾಕಿ ಕಾಯಿಸಿ. ಆರಿದ ಮೇಲೆ ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿದಿದ್ದರೆ 1.20 ಬಂದಿದೆ. ಸಕ್ಕರೆಯಾದರೆ 355 ಮಿಲಿ ನೀರಿಗೆ 454 ಗ್ರಾಂ, 1.27 ಸಿಗುತ್ತದೆ. ಉಪ್ಪಿನಲ್ಲಿ ಮೊಟ್ಟೆಗಳು ಬೇಗ ಸುಕ್ಕಾಗುತ್ತವೆ, ಆದ್ದರಿಂದ 20 ನಿಮಿಷದೊಳಗೆ ಸ್ಲೈಡ್ ನೋಡಿಬಿಡಿ. ಸಕ್ಕರೆಯಲ್ಲಿ ಮೊಟ್ಟೆಯ ಆಕಾರ ಚೆನ್ನಾಗಿ ಉಳಿಯುತ್ತದೆ, ಆದರೆ ಮೈಕ್ರೋಸ್ಕೋಪಿಗೆ ಅಂಟುತ್ತದೆ. ಇರುವೆ ಕಾಟ ಬೇರೆ.

ಇಷ್ಟು ಎಲ್ಲರೂ ಬರೆಯುತ್ತಾರೆ. ಆದರೆ ಮಲ ಪರೀಕ್ಷೆಗೆ ಕಲಿತ ವಿಧಾನವನ್ನು ಮಣ್ಣಿಗೆ ಹಾಗೇ ಹಾಕಿದರೆ ಕೈ ಕೊಡುತ್ತದೆ. ಆಸ್ಕರಿಸ್ ಮೊಟ್ಟೆಯ ಹೊರಗೆ ಗುಳ್ಳೆಗುಳ್ಳೆಯಾದ ಅಂಟು ಪದರ ಇರುತ್ತದೆ. ಅದು ಜೇಡಿಯ ಕಣಗಳಿಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣ್ಣು ಮೆತ್ತಿಕೊಂಡ ಮೊಟ್ಟೆ ಎಷ್ಟೇ ಒಳ್ಳೆಯ ದ್ರಾವಣ ಹಾಕಿದರೂ ಮುಳುಗುತ್ತದೆ. ಅದಕ್ಕೇ ತೇಲಿಸುವುದಕ್ಕಿಂತ ಬಿಡಿಸುವುದೇ ದೊಡ್ಡ ಕೆಲಸ.

ಬಿಡಿಸಲು ಟ್ವೀನ್ 80 ಎಂಬ ಸೋಪಿನಂಥ ವಸ್ತುವನ್ನು ತೀರಾ ತೆಳುವಾಗಿ ಬಳಸುತ್ತಾರೆ, ಶೇ 0.1ರ ಹತ್ತಿರ. ನೆರಳಲ್ಲಿ ಆರಿಸಿ ಜರಡಿ ಹಿಡಿದ 5 ಗ್ರಾಂ ಮಣ್ಣನ್ನು 50 ಮಿಲಿ ಟ್ಯೂಬಿಗೆ ಹಾಕಿ, ಟ್ವೀನ್ ದ್ರಾವಣ ಸುರಿದು ಚೆನ್ನಾಗಿ ಅಲುಗಾಡಿಸಿ. ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಭಾರದ್ದನ್ನು ತಳಕ್ಕಿಳಿಸಿ, ಮೇಲಿನ ಕಲಕು ನೀರನ್ನು ಬಸಿಯಿರಿ. ನೀರು ತಿಳಿಯಾಗುವ ತನಕ ಇದೇ ಕೆಲಸ. ಚಿತ್ರದುರ್ಗ ಕಡೆಯ ಮರಳು ಮಿಶ್ರಿತ ಕೆಂಪು ಮಣ್ಣು ನನಗೆ ಎರಡೇ ಸಲಕ್ಕೆ ತಿಳಿಯಾಯಿತು. ನಾಲೆ ಬದಿಯ ಎರೆ ಮಣ್ಣು ಐದು ಸಲ ತೊಳೆದರೂ ರಾಗಿ ಅಂಬಲಿಯ ಹಾಗೇ ಇತ್ತು. ಬೇಜಾರಾಗಿ ಅಲ್ಲಿಗೇ ನಿಲ್ಲಿಸಿ ಉಪ್ಪು ನೀರು ಹಾಕಿದೆ. ಒಂದೂ ಮೊಟ್ಟೆ ಸಿಗಲಿಲ್ಲ. ಅದೇ ಮಣ್ಣಿನ ಇನ್ನೊಂದು ಪಾಲನ್ನು ರಾತ್ರಿಯಿಡೀ ಟ್ವೀನ್‌ನಲ್ಲಿ ನೆನೆಸಿಟ್ಟು ಮರುದಿನ ತೊಳೆದಾಗ ಮೂರು ಆಸ್ಕರಿಸ್ ಕಂಡವು.

ಇಲ್ಲಿ ಒಂದು ಮಾತು. ರೆಕಾರ್ಡಿನಲ್ಲಿ ಸುಮ್ನೆ '1500 ಆರ್‌ಪಿಎಂ' (ನಿಮಿಷಕ್ಕೆ 1500 ಸುತ್ತು) ಎಂದು ಬರೆಯಬೇಡಿ. ಸೆಂಟ್ರಿಫ್ಯೂಜಿನ ತಿರುಗುವ ಭಾಗ, ಅಂದರೆ ರೋಟರ್‌ನ ತ್ರಿಜ್ಯ 10 ಸೆಂಮೀ ಇದ್ದರೆ ಅದು ಸುಮಾರು 250 ಜಿ (ಗುರುತ್ವದ 250 ಪಟ್ಟು), 15 ಸೆಂಮೀ ಇದ್ದರೆ ಸುಮಾರು 377 ಜಿ. 0.00001118 ಅನ್ನು ತ್ರಿಜ್ಯದಿಂದಲೂ ಆರ್‌ಪಿಎಂ ವರ್ಗದಿಂದಲೂ ಗುಣಿಸಿದರೆ ಸಿಗುತ್ತದೆ. ವೈವಾದಲ್ಲಿ ಇದನ್ನು ಕೇಳಿದರೆ ಬಹಳ ಜನ ತಡಬಡಿಸುತ್ತಾರೆ.

ತೊಳೆದಾದ ಮೇಲೆ ಉಪ್ಪು ನೀರು ಬೆರೆಸಿ ಇನ್ನೊಮ್ಮೆ ತಿರುಗಿಸಿ. ಟ್ಯೂಬನ್ನು ಬಾಯಿಮಟ್ಟ ತುಂಬಿ ಕವರ್‌ಸ್ಲಿಪ್ ಮುಚ್ಚಿ, ಹದಿನೈದು ನಿಮಿಷ ಬಿಟ್ಟು ಸ್ಲೈಡಿಗೆ ಎತ್ತಿಕೊಳ್ಳಿ. 10ರ ಲೆನ್ಸಿನಲ್ಲಿ ಹುಡುಕಿ, 40ರಲ್ಲಿ ಖಚಿತ ಮಾಡಿ. ಚಾವಟಿ ಹುಳದ ಮೊಟ್ಟೆ ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯಂತಿರುತ್ತದೆ, ತಪ್ಪುವ ಮಾತೇ ಇಲ್ಲ. ತಪ್ಪುವುದು ನಾಯಿಯ ಜಂತು ಟಾಕ್ಸೊಕಾರಾದಲ್ಲಿ. ಅದು 75ರಿಂದ 90 ಮೈಕ್ರಾನ್, ಹೆಚ್ಚುಕಡಿಮೆ ಗುಂಡಗೆ. ನಮ್ಮಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದರ ಪರಾಗವೂ 80ರಿಂದ 100 ಮೈಕ್ರಾನ್, ಗುಂಡಗೆ! ಸೂಲಂಗಿ ಬಿಡುವ ಕಾಲದಲ್ಲಿ ತಂದ ಮಣ್ಣಿನಲ್ಲಿ 'ಟಾಕ್ಸೊಕಾರಾ ಸಿಕ್ಕಿತು' ಎಂದು ಕೂಗಿ ನಗೆಪಾಟಲಾದವನು ನಾನೇ. ಗೋಡೆ ದಪ್ಪಗಿದ್ದು ಮೇಲೆಲ್ಲ ಸಣ್ಣ ಕುಳಿಗಳಿದ್ದರೆ ಮೊಟ್ಟೆ. ಗೋಡೆ ತೆಳುವಾಗಿ ಒಂದೇ ಒಂದು ರಂಧ್ರ ಇದ್ದರೆ ಪರಾಗ.

ಈಗ ಕೊಕ್ಕೆಹುಳ. ಇದರ ಮೊಟ್ಟೆ ಬೆಚ್ಚಗಿನ ತೇವದ ಮಣ್ಣಿನಲ್ಲಿ ಒಂದೆರಡು ದಿನಕ್ಕೇ ಒಡೆದು ಮರಿ ಹೊರಬರುತ್ತದೆ. ಹಿತ್ತಲ ತುಂಬ ಮರಿಗಳಿದ್ದರೂ ಫ್ಲೋಟೇಶನ್‌ನಲ್ಲಿ ಸೊನ್ನೆ ಬರಬಹುದು. ಮರಿಗೆ ಬೇರ್ಮನ್ ವಿಧಾನವೇ ಬೇಕು. 1917ರಲ್ಲಿ ಬೇರ್ಮನ್ ಅದನ್ನು ಪ್ರಕಟಿಸಿದ್ದು ಮಣ್ಣಿನಲ್ಲಿ ಕೊಕ್ಕೆಹುಳದ ಮರಿ ಹುಡುಕುವುದಕ್ಕೇ. ಆಲಿಕೆಯ ಬಾಯಿಗೆ ಜರಡಿ, ಅದರ ಮೇಲೆ ತೆಳು ಬಟ್ಟೆಯಲ್ಲಿ ಮಣ್ಣು, ಕೆಳಗೆ ಕ್ಲಿಪ್ ಹಾಕಿದ ರಬ್ಬರ್ ನಳಿಗೆ. ಬಟ್ಟೆ ಮುಟ್ಟುವಷ್ಟು ಉಗುರುಬೆಚ್ಚಗಿನ ನೀರು ತುಂಬಿ ರಾತ್ರಿ ಬಿಡಿ. ಮರಿಗಳು ನೀರಿಗೆ ಇಳಿಯುತ್ತವೆ, ಮೇಲಕ್ಕೆ ಈಜಲಾರದೆ ನಳಿಗೆಯ ತಳಕ್ಕೆ ಬೀಳುತ್ತವೆ. ಬೆಳಿಗ್ಗೆ ಕ್ಲಿಪ್ ಸಡಿಲಿಸಿ ಮೊದಲ 10 ಮಿಲಿ ಹಿಡಿಯಿರಿ. ಈ ಮಣ್ಣನ್ನು ಒಣಗಿಸಲೇಬಾರದು, ಮರಿ ಸತ್ತರೆ ಇಳಿಯುವುದಿಲ್ಲ. ಸ್ಯಾಂಪಲ್ ತರುವಾಗ ಬರಿಗಾಲಲ್ಲಿ ಹೋಗಬೇಡಿ, ಅದು ಚರ್ಮದ ಮೂಲಕವೇ ಒಳಗೆ ಹೋಗುವ ಹುಳ.

ಡಿಎನ್‌ಎಯನ್ನು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯ ಬಗ್ಗೆ ಎರಡೇ ಸಾಲು ಸಾಕು. ಮೊಟ್ಟೆಯ ಚಿಪ್ಪು ಒಡೆಯುವುದು ಕಷ್ಟ, ಕೊಳೆತ ಸೊಪ್ಪುಸದೆಯಿಂದ ಮಣ್ಣಿಗೆ ಸೇರುವ ಹ್ಯೂಮಿಕ್ ಆಮ್ಲ ಪ್ರತಿಕ್ರಿಯೆಗೆ ಅಡ್ಡಿ. ಡಿಎನ್‌ಎ ಸಿಕ್ಕರೂ ಮೊಟ್ಟೆ ಜೀವಂತವೋ ಸತ್ತದ್ದೋ ಅದು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಆಸ್ಕರಿಸ್ ಮೊಟ್ಟೆಗಳನ್ನು 0.1 ನಾರ್ಮಲ್ ಸಲ್ಫ್ಯೂರಿಕ್ ಆಮ್ಲದಲ್ಲಿ 26 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟು, ಒಳಗೆ ಮರಿ ಬೆಳೆದಿದೆಯಾ ನೋಡಬೇಕು.

ಕೊನೆಗೆ ಲೆಕ್ಕ. 5 ಗ್ರಾಂನಲ್ಲಿ 3 ಮೊಟ್ಟೆ ಸಿಕ್ಕರೆ ಗ್ರಾಂಗೆ 0.6. ಆದರೆ ಇದು ಸಿಕ್ಕಿದ್ದು, ಇದ್ದದ್ದಲ್ಲ. ಮೊಟ್ಟೆಯಿಲ್ಲದ ಅದೇ ಬಗೆಯ ಮಣ್ಣಿಗೆ ಎಣಿಸಿ 100 ಮೊಟ್ಟೆ ಹಾಕಿ, ಅದೇ ವಿಧಾನದಲ್ಲಿ ವಾಪಸ್ ತೆಗೆಯಿರಿ. 40 ಬಂದರೆ ನಿಮ್ಮ ರಿಕವರಿ ಶೇ 40, ಆಗ 0.6 ಎಂದದ್ದು 1.5 ಆಗುತ್ತದೆ. ಎರೆ ಮಣ್ಣಿಗೂ ಕೆಂಪು ಮಣ್ಣಿಗೂ ಇದನ್ನು ಬೇರೆಬೇರೆಯಾಗಿ ಮಾಡಿ, ಎರಡು ಸಂಖ್ಯೆಯನ್ನೂ ರೆಕಾರ್ಡಿನಲ್ಲಿ ಅಕ್ಕಪಕ್ಕ ಬರೆಯಿರಿ.