ಹರಿತ ಎಲ್ಲಿ ಬೇಡ

"ಲಿಗಮೆಂಟ್ ಹರಿದಿದೆಯಂತೆ, ಆಪರೇಷನ್ ಮಾಡಿಸಬೇಕಂತೆ." ಕಬಡ್ಡಿ ಆಡುವ ಹುಡುಗರಿರುವ ಮನೆಗಳಲ್ಲಿ, ಬೈಕಿನಿಂದ ಬಿದ್ದವರ ಮನೆಗಳಲ್ಲಿ ಈ ಮಾತು ಈಗ ಸಾಮಾನ್ಯ. ಹೆಚ್ಚಿನ ಸಲ ಅದು ಮಂಡಿಯೊಳಗಿನ ಎಸಿಎಲ್, ತೊಡೆಮೂಳೆಯನ್ನು ಕಾಲಿನ ಮೂಳೆಗೆ ಬಿಗಿದು ಹಿಡಿಯುವ ಲಿಗಮೆಂಟ್. ಹರಿದದ್ದನ್ನೇ ಹೊಲಿದು ಸರಿಮಾಡುವುದು ಕೆಲವರಲ್ಲಿ ಮಾತ್ರ ಸಾಧ್ಯ. ಉಳಿದವರಲ್ಲಿ ಹಲವರಿಗೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ರಜ್ಜುವನ್ನು (ಟೆಂಡನ್, ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ನಾರಿನ ಪಟ್ಟಿ) ತೆಗೆದು, ಮಡಿಸಿ, ಮೂಳೆಯಲ್ಲಿ ಸುರಂಗ ಕೊರೆದು ಕೂರಿಸುತ್ತಾರೆ. ಈ ಕೆಲಸಕ್ಕೆ ಬೇಕಾದ ಸಲಕರಣೆಗಳನ್ನು ವಿನ್ಯಾಸ ಮಾಡುವುದು ನನ್ನ ವೃತ್ತಿ. ಆಪರೇಷನ್ ಸಲಕರಣೆ ಎಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಹರಿತ ಎಂದು. ನಮ್ಮ ಡ್ರಾಯಿಂಗ್‌ಗಳಲ್ಲಿ ಹೆಚ್ಚು ಚರ್ಚೆಯಾಗುವುದು ಯಾವ ಅಂಚು ಹರಿತ ಇರಕೂಡದು ಎಂಬುದರ ಬಗ್ಗೆ.

ಟೆಂಡನ್ ಸ್ಟ್ರಿಪ್ಪರ್ ಎಂಬ ಸಲಕರಣೆಯನ್ನೇ ನೋಡಿ. ಉದ್ದನೆಯ ಸರಳು, ತುದಿಗೊಂದು ಉಂಗುರ, ಹಿಂದೆ ಹಿಡಿಕೆ, ಅಷ್ಟೆ. ಮಂಡಿಯ ಕೆಳಗೆ, ಒಳಬದಿಯಲ್ಲಿ ಮೂರು ಸೆಂಟಿಮೀಟರ್ ಆಸುಪಾಸಿನ ಸಣ್ಣ ಗಾಯ ಮಾಡಿ ಸೆಮಿಟೆಂಡಿನೋಸಸ್ ಎಂಬ ಹ್ಯಾಮ್‌ಸ್ಟ್ರಿಂಗ್ ರಜ್ಜುವಿನ ತುದಿಯನ್ನು ಬಿಡಿಸಿ, ಅದಕ್ಕೆ ದಾರ ಹಾಕಿ, ಉಂಗುರದೊಳಗೆ ಪೋಣಿಸುತ್ತಾರೆ. ಒಂದು ಕೈ ದಾರವನ್ನು ಬಿಗಿಯಾಗಿ ಹಿಡಿದಿರುತ್ತದೆ, ಇನ್ನೊಂದು ಕೈ ಸ್ಟ್ರಿಪ್ಪರನ್ನು ತೊಡೆಯ ಮೇಲ್ಭಾಗಕ್ಕೆ ತಳ್ಳುತ್ತದೆ. ಒಳಗೆ ನಡೆಯುವುದು ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಬಾಳೆಪಟ್ಟೆಯಿಂದ ನಾರು ಬಿಡಿಸುವಾಗ ಉಗುರು ಓರೆಯಾದರೆ ನಾರು ನಡುವೆಯೇ ತುಂಡಾಗುತ್ತದಲ್ಲ, ಇಲ್ಲಿಯೂ ಹಾಗೇ. ಉಂಗುರದ ಒಳಅಂಚು ಹರಿತವಾಗಿದ್ದು ಕೈ ತುಸು ವಾಲಿದರೂ ರಜ್ಜು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ರಜ್ಜು ಗಿಡ್ಡವಾದರೆ ಬೇಕಾದಷ್ಟು ಮಡಿಕೆ ಹಾಕಲಾಗದು, ಮಡಿಕೆ ಕಡಿಮೆಯಾದರೆ ಗ್ರಾಫ್ಟ್, ಅಂದರೆ ಮಂಡಿಯಲ್ಲಿ ಕೂರಿಸುವ ಆ ಮಡಿಸಿದ ರಜ್ಜು, ತೆಳುವಾಗುತ್ತದೆ. 8 ಮಿ.ಮೀ.ಗಿಂತ ತೆಳುವಾದ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಮತ್ತೆ ಹರಿಯುವ ಸಾಧ್ಯತೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ, ಅದರಲ್ಲೂ ಹರೆಯದವರಲ್ಲಿ.

ಹಾಗೆಂದು ಪೂರ್ತಿ ಮೊಂಡು ಮಾಡಿದರೆ? ಆಗ ಸರ್ಜನ್ ಹೆಚ್ಚು ಬಲ ಹಾಕಬೇಕು. ಹೆಚ್ಚು ಬಲ ಹಾಕಿದ ಕೈಗೆ ಒಳಗಿನ ಸುಳಿವು ಸಿಗುವುದಿಲ್ಲ. ಆ ಸುಳಿವು ಬಹಳ ಮುಖ್ಯ, ಏಕೆಂದರೆ ಸೆಮಿಟೆಂಡಿನೋಸಸ್‌ನಿಂದ ಮೀನಖಂಡದ ಸ್ನಾಯುವಿನ ಕಡೆಗೆ ಅಡ್ಡಪಟ್ಟಿಗಳು ಹೋಗಿರುತ್ತವೆ. ಅವನ್ನು ಮೊದಲೇ ಹುಡುಕಿ ಕತ್ತರಿಸದಿದ್ದರೆ ಸ್ಟ್ರಿಪ್ಪರ್ ಅಂಥ ಪಟ್ಟಿಯ ಜಾಡು ಹಿಡಿದು ದಾರಿ ತಪ್ಪುತ್ತದೆ. ಅಡ್ಡಪಟ್ಟಿಗೆ ತಾಗಿದಾಗ ತಡೆ ಹೇಗಿರುತ್ತದೆ, ಸ್ನಾಯುವಿನ ಮಾಂಸ ಬಿಡುವಾಗ ಹೇಗಿರುತ್ತದೆ ಎಂಬ ವ್ಯತ್ಯಾಸ ಹಿಡಿಕೆಯವರೆಗೆ ಬರಬೇಕು. ಅದಕ್ಕೇ ಉಂಗುರದ ಒಳಮೈ ಪೂರ್ತಿ ದುಂಡಾಗಿ ನಯವಾಗಿರಬೇಕು, ಮುಂದಿನ ಅಂಚು ಮಾಂಸವನ್ನು ಸರಿಸುವಷ್ಟು ಮಾತ್ರ ಚೂಪಾಗಿರಬೇಕು. ಸರಳು ಬಾಗದಷ್ಟು ಗಟ್ಟಿಯಿರಬೇಕು, ಅದರ ಮೇಲೆ ಸೆಂಟಿಮೀಟರ್ ಗುರುತು ಇರಲೇಬೇಕು. ಹತ್ತನೇ ಗುರುತಿನ ಹೊತ್ತಿಗೇ ಗಟ್ಟಿ ತಡೆ ಸಿಕ್ಕರೆ ಅದು ಸ್ನಾಯು ಶುರುವಾಗುವ ಜಾಗವಲ್ಲ, ಪಟ್ಟಿ ಉಳಿದಿದೆ ಎಂದು ಸರ್ಜನ್‌ಗೆ ಗೊತ್ತಾಗುತ್ತದೆ. ಗುರುತಿಲ್ಲದ ಸ್ಟ್ರಿಪ್ಪರನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಕಾಗದದ ಮೇಲೆ ಬರೆದ ಅಂಚು ವರ್ಕ್‌ಶಾಪಿನಿಂದ ಹೊರಬರುವಷ್ಟರಲ್ಲಿ ಬೇರೆಯೇ ಆಗಿರಬಹುದು. ಸ್ಟೀಲಿಗೆ ಎಲೆಕ್ಟ್ರೋಪಾಲಿಶ್ ಮಾಡುವಾಗ, ಅಂದರೆ ವಿದ್ಯುತ್ತು ಹರಿಸಿ ಮೇಲ್ಮೈಯನ್ನು ತುಸುವೇ ಕರಗಿಸಿ ನಯ ಮಾಡುವಾಗ, ವಿದ್ಯುತ್ತು ಚೂಪಾದ ಕಡೆಯೇ ಹೆಚ್ಚು ಹರಿಯುವುದರಿಂದ ಅಂಚು ಮೊದಲು ಕರಗುತ್ತದೆ. ಒಳಮೈಗೆ ಇದರಿಂದ ಒಳ್ಳೆಯದು, ಮುಂದಿನ ಅಂಚಿಗೆ ಕೆಟ್ಟದ್ದು. ಆದ್ದರಿಂದ ಪಾಲಿಶ್ ಆದ ಮೇಲೆ ಅಂಚು ಎಷ್ಟು ದುಂಡಾಗಿರಬೇಕು ಎಂದು ಡ್ರಾಯಿಂಗ್‌ನಲ್ಲೇ ಬರೆದು, ಆಮೇಲೇ ಅಳೆಯಬೇಕು. ಪೀಣ್ಯದಂಥ ಕಡೆ ಯಾವುದೇ ಮೈಕ್ರಾನ್‌ಗೆ ಕೊರೆದು ಕೊಡುವ ನುರಿತ ಕೈಗಳಿವೆ. ಆದರೆ ಆ ಅಂಚು ಯಾಕೆ ಹಾಗಿರಬೇಕು ಎಂದು ಮೆಷಿನ್ ಮುಂದೆ ನಿಂತವರಿಗೆ ನಾವು ಹೇಳಬೇಕು. ಮಟನ್ ಅಂಗಡಿಯಿಂದ ತಂದ ಕುರಿ ಕಾಲಿನ ರಜ್ಜುವನ್ನು ಸಲೈನ್‌ನಲ್ಲಿ ಒದ್ದೆ ಮಾಡಿ, ಉಂಗುರದಲ್ಲಿ ಎಳೆದು ತೋರಿಸಿದರೆ ಹತ್ತು ಮೀಟಿಂಗಿನ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಸ್ಕ್ರೂವಿನ ಇತಿಹಾಸದಲ್ಲೂ ಇದೇ ಪಾಠ ಇದೆ. ಮಂಡಿಚಿಪ್ಪಿನ ರಜ್ಜುವನ್ನು ಎರಡೂ ತುದಿಗಳ ಮೂಳೆತುಂಡಿನ ಸಮೇತ ತೆಗೆದು ಕೂರಿಸುವ ವಿಧಾನದಲ್ಲಿ, ಮೂಳೆತುಂಡನ್ನು ಸುರಂಗದ ಗೋಡೆಗೆ ಒತ್ತಿ ಹಿಡಿಯಲು ಇಂಟರ್‌ಫಿಯರೆನ್ಸ್ ಸ್ಕ್ರೂ ಬಂತು. 1987ರಲ್ಲಿ ಜಪಾನಿನ ಮೂಳೆ ಸರ್ಜನ್ ಮಸಾಹಿರೊ ಕುರೊಸಾಕಾ ಮತ್ತು ಸಂಗಡಿಗರು ಇದಕ್ಕೆಂದೇ ಮಾಡಿದ 9 ಮಿ.ಮೀ. ಸ್ಕ್ರೂ ಮಾಮೂಲಿ 6.5 ಮಿ.ಮೀ. ಸ್ಕ್ರೂಗಿಂತ ಗಟ್ಟಿಯಾಗಿ ಹಿಡಿಯುತ್ತದೆಂದು ಪರೀಕ್ಷಿಸಿ ತೋರಿಸಿದರು. ಅಲ್ಲಿ ಸ್ಕ್ರೂವಿನ ಮರೆ (ಥ್ರೆಡ್, ಸುತ್ತಲಿನ ಸುರುಳಿ ಏಣು) ಚೂಪಾಗಿರಬಹುದು, ಅದು ಕಚ್ಚುವುದು ಮೂಳೆಯನ್ನು. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್‌ನಲ್ಲಿ ಮೂಳೆತುಂಡೇ ಇಲ್ಲ, ಸ್ಕ್ರೂ ನೇರ ರಜ್ಜುವಿನ ಮೇಲೆ ತಿರುಗುತ್ತದೆ. ಚೂಪು ಮರೆ ಎಳೆಗಳನ್ನು ಕೊಯ್ದುಬಿಡುತ್ತದೆ. ಹಾಗಾಗಿ ಮೃದು ಗ್ರಾಫ್ಟಿನ ಸ್ಕ್ರೂಗಳಿಗೆ ಮರೆಯ ತುದಿಯನ್ನು ದುಂಡಗೆ ಮಾಡುತ್ತಾರೆ.

ಬೆರಳಿನ ರಜ್ಜುಗಳ ವಿಷಯ ಇನ್ನೂ ಸೂಕ್ಷ್ಮ. ಈಳಿಗೆಮಣೆ, ಕುಡುಗೋಲು, ಒಡೆದ ಗಾಜು ತಾಗಿ ಬೆರಳು ಮಡಿಸುವ ರಜ್ಜು ತುಂಡಾದರೆ, ಮೇಲಿನ ತುದಿ ಹಲವು ಸಲ ಅಂಗೈಯೊಳಗೆ ಸರಿದುಹೋಗಿರುತ್ತದೆ. ಅದನ್ನು ಕಣ್ಣುಮುಚ್ಚಿ ಇಕ್ಕಳದಿಂದ ತಡಕಾಡಿ ಎಳೆದರೆ ರಜ್ಜುವಿನ ನುಣುಪಾದ ಹೊರಪದರ ಜಜ್ಜಿಹೋಗುತ್ತದೆ. ಜಜ್ಜಿದ ಜಾಗ ಸುತ್ತಲಿನ ಕವಚಕ್ಕೆ ಅಂಟಿಕೊಳ್ಳುತ್ತದೆ, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಬೆರಳು ಮಡಿಯುವುದಿಲ್ಲ. ಆದ್ದರಿಂದ ಕತ್ತರಿಸಿದ ತುದಿಯನ್ನು ಮಾತ್ರ ಮುಟ್ಟಬೇಕು, ಹೊರಮೈ ಮುಟ್ಟಕೂಡದು ಎಂಬುದು ಕೈ ಸರ್ಜನ್‌ಗಳ ಕಟ್ಟುನಿಟ್ಟು. ಹಲವರು ರಜ್ಜುವನ್ನು ಮಕ್ಕಳ ಫೀಡಿಂಗ್ ಟ್ಯೂಬ್‌ಗೆ ಹೊಲಿದು, ಬೆರಳಿನ ಕವಚದೊಳಗಿಂದ ಮೆಲ್ಲನೆ ಎಳೆದು ತರುತ್ತಾರೆ. ಇದಕ್ಕೆಂದೇ ದುಬಾರಿ ಸಲಕರಣೆ ಮಾಡಹೊರಟವರು ಮೊದಲು ಆ ಟ್ಯೂಬ್ ಮಾಡುವಷ್ಟನ್ನಾದರೂ ಮಾಡಿ ತೋರಿಸಬೇಕು ಎಂಬುದು ನನ್ನ ನಿಲುವು. ಅದು ಮೆತ್ತಗಿದೆ, ಬಾಗುತ್ತದೆ, ಅಂಚಿಲ್ಲ.

ಕೊನೆಗೆ ಆಪರೇಷನ್ ಥಿಯೇಟರಿನ (ಒ.ಟಿ.) ಸಿಸ್ಟರ್‌ಗಳಿಗೆ ಮತ್ತು ಟೆಕ್ನೀಷಿಯನ್‌ಗಳಿಗೆ ಎರಡು ಮಾತು. ಸಲೈನ್ ತಾಗಿದ ಸ್ಟೀಲನ್ನು ಹಾಗೇ ಬಿಡಬೇಡಿ. ಅದರ ಉಪ್ಪು, ಕೊಳವೆಬಾವಿ ನೀರಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಣ್ಣ ಸಣ್ಣ ಗುಳಿ ಕೊರೆಯುತ್ತವೆ. ಕೊನೆಯ ಸಲ ಜಾಲಾಡುವುದಕ್ಕೆ ಖನಿಜ ತೆಗೆದ ನೀರು ಬಳಸಿ. ಇನ್ನೊಂದು, ಸ್ಟ್ರಿಪ್ಪರ್ ಟ್ರೇಗೆ ಬಿದ್ದೋ ಬೇರೆ ಸಲಕರಣೆಗೆ ಬಡಿದೋ ಉಂಗುರದಲ್ಲಿ ಕಣ್ಣಿಗೆ ಕಾಣದ ಮುಳ್ಳು ಎದ್ದಿರಬಹುದು. ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕುವ ಮೊದಲು ಸ್ವಲ್ಪ ಹತ್ತಿಯನ್ನು ಉಂಗುರದ ಒಳಗೆ ಸುತ್ತ ಒರೆಸಿ ನೋಡಿ. ಒಂದು ಎಳೆ ಸಿಕ್ಕಿಕೊಂಡರೂ ಆ ಸ್ಟ್ರಿಪ್ಪರನ್ನು ಪಕ್ಕಕ್ಕಿಟ್ಟು, ರಿಪೇರಿಗೆ ಕಳಿಸಿ.