ಅಳತೆ: ಕ್ವಾಂಟಂನವರ ಅರ್ಥದಲ್ಲಿ

ಬೀದರ್‌ನ ಚೌಬಾರಾ ಕಡೆ ಬಿದರಿ ಕೆಲಸದವರೊಬ್ಬರ ಅಂಗಡಿಗೆ ಹೋದಾಗ ಅವರು ಬೆಳ್ಳಿ ತಂತಿಯನ್ನು ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದರು. ಮಾತಿಗೆ ಮಾತು ಬಂದು ಅವರು ಅಂದದ್ದು: "ನಾ ತೂಗಲಿ ಬಿಡ್ಲಿ, ಬೆಳ್ಳಿ ಇದ್ದಷ್ಟೇ ಇರ್ತದ ಸರ. ಲೆಕ್ಕಕ್ಕ ಬೇಕಲ್ಲ, ಅದಕ್ಕ ತೂಗ್ಲಾಕತ್ತೀನಿ."

ಅಳತೆ ಎಂಬ ಪದಕ್ಕೆ ನಮ್ಮೆಲ್ಲರ ಅರ್ಥ ಇದೇ. ಗಂಜ್‌ನಲ್ಲಿ ತೊಗರಿ ತೂಗಿದರೂ, ಹೊಲದ ಗುಂಟೆ ಎಣಿಸಿದರೂ, ಮೊದಲೇ ಇದ್ದದ್ದನ್ನು ತಿಳಿದುಕೊಳ್ಳುವುದು. ಪರಮಾಣುವಿನಂಥ ಅತಿ ಸಣ್ಣ ವಸ್ತುಗಳ ನಡೆ ಹೇಳುವ ಕ್ವಾಂಟಂ ಭೌತಶಾಸ್ತ್ರದಲ್ಲಿ ಇದೇ ಅರ್ಥ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಕಾಲೇಜಿನಲ್ಲಿ ಈ ಪಾಠವನ್ನು ನಾನು ಬೆಳ್ಳಿಯಿಂದಲೇ ಶುರು ಮಾಡುತ್ತೇನೆ. ಇದನ್ನು ತೋರಿಸಿಕೊಟ್ಟ ಪ್ರಯೋಗ ನಡೆದದ್ದೂ ಬೆಳ್ಳಿಯ ಮೇಲೆಯೇ.

1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಖ್ ಎಂಬಿಬ್ಬರು ಭೌತವಿಜ್ಞಾನಿಗಳು ಬೆಳ್ಳಿಯನ್ನು ಕುಲುಮೆಯಲ್ಲಿ ಆವಿ ಮಾಡಿ, ಆ ಪರಮಾಣುಗಳ ಸಣ್ಣ ಧಾರೆಯನ್ನು ಒಂದು ವಿಶೇಷ ಆಕಾರದ ಅಯಸ್ಕಾಂತದ ನಡುವೆ ಹಾಯಿಸಿ ಗಾಜಿನ ಮೇಲೆ ಬೀಳಿಸಿದರು. ಪರಮಾಣುಗಳು ಎತ್ತೆತ್ತಲೋ ಮುಖ ಮಾಡಿದ ಪುಟ್ಟ ಕಾಂತಗಳಾಗಿದ್ದರೆ ಗಾಜಿನ ಮೇಲೆ ಉದ್ದಕ್ಕೆ ಹರಡಿದ ಒಂದು ಪಟ್ಟೆ ಮೂಡಬೇಕಿತ್ತು. ಮೂಡಿದ್ದು ಎರಡು ಗುರುತು, ನಡುವೆ ಸುಮಾರು 0.2 ಮಿಲಿಮೀಟರ್ ಖಾಲಿ. ಮೊದಮೊದಲು ಗಾಜಿನ ಮೇಲೆ ಏನೂ ಕಾಣಲಿಲ್ಲವಂತೆ. ತಾನು ಸೇದುತ್ತಿದ್ದ ಅಗ್ಗದ ಚುಟ್ಟಾದ ಗಂಧಕ ತಾಕಿ ಬೆಳ್ಳಿ ಕಪ್ಪಾಗಿ ಗುರುತು ಕಂಡಿತೆಂದು ಸ್ಟರ್ನ್ ಹೇಳಿಕೊಳ್ಳುತ್ತಿದ್ದ. ಬಿದರಿಯಲ್ಲಿ ಇದರ ಉಲ್ಟಾ. ಕೋಟೆಯ ಮಣ್ಣು, ನವಸಾಗರ ಕಲಸಿ ತಿಕ್ಕಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ.

ಆ ಎರಡು ಗುರುತಿಗೆ ಕಾರಣವಾದ ಗುಣಕ್ಕೆ ಮುಂದೆ ಸ್ಪಿನ್ ಎಂಬ ಹೆಸರು ಬಂತು. ತೊಡಕು ಇರುವುದು ಇಲ್ಲಿ. 'ಮೇಲೆ' ಹೋದ ಪರಮಾಣುಗಳನ್ನಷ್ಟೇ ಆರಿಸಿ, ಅಡ್ಡ ಮಲಗಿಸಿದ ಎರಡನೇ ಕಾಂತಕ್ಕೆ ಕಳಿಸಿ: ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಬಲಕ್ಕೆ ಹೋದವನ್ನು ಮತ್ತೆ ನೆಟ್ಟಗೆ ನಿಂತ ಕಾಂತಕ್ಕೆ ಕಳಿಸಿ. ಎಲ್ಲವೂ ಒಮ್ಮೆ 'ಮೇಲೆ' ಎಂದು ಆರಿಸಿಕೊಂಡವೇ. ಆದರೂ ಈಗ ಅರ್ಧ ಕೆಳಗೆ ಹೋಗುತ್ತವೆ! ಬಿದರಿ ಅಂಗಡಿಯಲ್ಲಿ ಬರೀ ಹುಕ್ಕಾಗಳನ್ನು ಒಂದು ಕಡೆ ತೆಗೆದಿಟ್ಟು, ಅವುಗಳೊಳಗೆ ಹೂವಿನ ಕುಸುರಿ ಇದ್ದವನ್ನು ಆರಿಸಿ ತಿರುಗಿ ನೋಡಿದರೆ ಅರ್ಧದಷ್ಟು ಹೂಜಿಗಳಾಗಿದ್ದಂತೆ. ಅಡ್ಡ ಅಳತೆ ಹಿಂದಿನ ಉತ್ತರವನ್ನು ಅಳಿಸಿಹಾಕಿತು. ಹಾಗಾದರೆ ಅಳತೆ ಇದ್ದದ್ದನ್ನು ಓದಿತೋ, ಇಲ್ಲದ್ದನ್ನು ಹುಟ್ಟಿಸಿತೋ?

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ, ಅಳತಿ ಆಗೋದು ಖರೇ ಯಾವಾಗ್ರಿ? ಕಾಂತ ದಾಟುವಾಗೋ, ಗಾಜಿಗಿ ಬಡಿದಾಗೋ, ನಾವು ನೋಡಿದಾಗೋ?" ಕ್ವಾಂಟಂ ವ್ಯಾಖ್ಯಾನಗಳೆಂದು ದೊಡ್ಡ ಹೆಸರಿಟ್ಟು ಕರೆಯುವುದೆಲ್ಲ ನನ್ನ ಲೆಕ್ಕದಲ್ಲಿ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರ.

ಭೌತವಿಜ್ಞಾನಿ ನೀಲ್ಸ್ ಬೋರ್ ಪ್ರಕಾರ ಅಳತೆ ಆಗುವುದು, ನಮ್ಮ ದಿನದ ಭಾಷೆಯಲ್ಲಿ ಹೇಳಬಹುದಾದ ಉಪಕರಣದ ಮೇಲೆ ಅಳಿಸಲಾಗದ ಗುರುತು ಬಿದ್ದಾಗ. ಅದಕ್ಕೂ ಮೊದಲು ಸ್ಪಿನ್ ಎತ್ತ ಇತ್ತು ಎಂದು ಕೇಳುವುದಕ್ಕೇ ಅರ್ಥವಿಲ್ಲ. ಎವರೆಟ್ 1957ರಲ್ಲಿ ಅಂದದ್ದು, ಆಯ್ಕೆ ಎಂಬುದು ಆಗುವುದೇ ಇಲ್ಲ. ಮೇಲೂ ಹೋಯಿತು, ಕೆಳಗೂ ಹೋಯಿತು, ಅದನ್ನು ಕಂಡ ನಾವೂ ಇಬ್ಬರಾದೆವು. ಬೋಮ್ 1952ರಲ್ಲಿ ಹೇಳಿದ್ದು ನನಗೆ ಹೆಚ್ಚು ಕುತೂಹಲದ್ದು. ಅವನಲ್ಲಿ ಪರಮಾಣುವಿಗೆ ಪ್ರತಿ ಕ್ಷಣವೂ ಖಚಿತವಾದ ಜಾಗವಿದೆ, ಧಾರೆಯಲ್ಲಿ ಅದು ಎಲ್ಲಿತ್ತೆಂಬುದರ ಮೇಲೆ ಯಾವ ಗುರುತಿಗೆ ಸೇರುತ್ತದೆಂಬುದೂ ಖಚಿತ. ಆದರೆ ಕಾಂತದ ಉತ್ತರ-ದಕ್ಷಿಣ ಧ್ರುವಗಳನ್ನು ಅದಲುಬದಲು ಮಾಡಿದರೆ ಅದೇ ಜಾಗದಿಂದ ಹೊರಟ ಪರಮಾಣು ಉಲ್ಟಾ ಸ್ಪಿನ್ ತೋರಿಸುತ್ತದೆ. ಎಂದರೆ ಎಲ್ಲವೂ ಮೊದಲೇ ನಿಶ್ಚಿತ ಎನ್ನುವ ಬೋಮ್‌ನಲ್ಲೂ ಸ್ಪಿನ್, ಬೆಳ್ಳಿಯ ತೂಕದ ಹಾಗೆ ಒಳಗೆ ಕೂತಿರುವ ಗುಣವಲ್ಲ.

ಬೋಮ್‌ನನ್ನು ಮೆಚ್ಚಿದ್ದ ಜಾನ್ ಬೆಲ್‌ಗೆ 'ಅಳತೆ' ಎಂಬ ಪದದ ಮೇಲೆಯೇ ಸಿಟ್ಟು. 1990ರಲ್ಲಿ ಇದರ ವಿರುದ್ಧ ಒಂದು ಲೇಖನವನ್ನೇ ಬರೆದ. ಮೂಲ ಸಿದ್ಧಾಂತ ಹೇಳುವಾಗ ಈ ಪದ ಬಳಸಲೇಬಾರದೆಂದು ಅವನ ವಾದ. ನನಗೆ ಅವನ ಸಿಟ್ಟು ಸರಿ ಅನ್ನಿಸುತ್ತದೆ.

'ವೀಕ್ಷಕ' ಎಂಬ ಪದ ಇನ್ನೂ ಅಪಾಯದ್ದು. ನೋಡುವವನಿದ್ದರೆ ಮಾತ್ರ ಜಗತ್ತು, ಇದನ್ನು ವಿಜ್ಞಾನ ಒಪ್ಪಿದೆ ಎಂಬ ವಾಟ್ಸ್ಯಾಪ್ ಸಂದೇಶ ತಿಂಗಳಿಗೊಮ್ಮೆಯಾದರೂ ನನಗೆ ಬರುತ್ತದೆ. ಭೌತವಿಜ್ಞಾನಿ ವಿಗ್ನರ್ 1961ರಲ್ಲಿ ಅಳತೆಯಲ್ಲಿ ನೋಡುವವನ ಮನಸ್ಸಿನ ಪಾತ್ರದ ಮಾತು ಎತ್ತಿದ್ದು ಹೌದು, ಮುಂದೆ ಅವನೇ ಅದನ್ನು ಕೈಬಿಟ್ಟ. ಮಾಯೆಯ ಬಗ್ಗೆ ಹಿರಿಯರು ಹೇಳಿದ್ದಕ್ಕೆ ಬೆಳ್ಳಿ ಪರಮಾಣುವಿನ ಸಾಕ್ಷಿ ಬೇಕಿಲ್ಲ. ಸ್ಟರ್ನ್‌ನ ಚುಟ್ಟಾದ ಹೊಗೆ ತಾಕುವ ತನಕ ಪರಮಾಣುಗಳು ಬಿದ್ದ ಜಾಗ ತೀರ್ಮಾನವಾಗದೆ ಕಾದಿತ್ತು ಎಂದು ನಂಬುವುದು ನನ್ನಿಂದಾಗದು.

ಹುಡುಗಿಯ ಪ್ರಶ್ನೆಯ ಮೊದಲ ಭಾಗಕ್ಕಂತೂ ಉತ್ತರವಿದೆ. 'ಬಲ' ಎಂದು ಆರಿಸಿದ ಧಾರೆಯನ್ನು ನೆಟ್ಟಗಿನ ಕಾಂತದಲ್ಲಿ ಎರಡಾಗಿ ಒಡೆದು, ಎಲ್ಲೂ ಗುರುತು ಬೀಳದಂತೆ ಜೋಪಾನವಾಗಿ ಮತ್ತೆ ಕೂಡಿಸಿದರೆ ಎಲ್ಲವೂ ತಿರುಗಿ 'ಬಲ'ವೇ. ಇಂಥ ಒಡೆದು ಕೂಡಿಸುವ ಕೆಲಸವನ್ನು ನ್ಯೂಟ್ರಾನ್‌ಗಳಲ್ಲಿ ಮಾಡಿ ನೋಡಿದ್ದಾರೆ. ಹಾಗಾಗಿ ಕಾಂತ ದಾಟಿದ ಮಾತ್ರಕ್ಕೆ ಅಳತೆ ಆಗಲಿಲ್ಲ.

"ಹಂಗಾದ್ರ ಗಾಜಿನ ಮ್ಯಾಲಿನ ಗುರುತೂ ಅಳಿಸಿ ಕೂಡಿಸಿಬಿಟ್ರ?" ಎಂದಳು.

ಕ್ವಾಂಟಂ ಸಮೀಕರಣ ಬೇಡ ಎನ್ನುವುದಿಲ್ಲ. ಆದರೆ ಗಾಜಿಗೆ ಬಡಿದ ಸುದ್ದಿ ಅಲ್ಲಿನ ಕೋಟ್ಯಂತರ ಅಣುಗಳಿಗೆ, ಸೋಕಿದ ಗಾಳಿಗೆ, ಬೆಳಕಿಗೆ ಆಗಲೇ ಹರಡಿಬಿಟ್ಟಿರುತ್ತದೆ. ಅಷ್ಟನ್ನೂ ಹೆಕ್ಕಿ ತಂದು ಕೂಡಿಸುವುದು ಯಾರ ಕೈಯಲ್ಲೂ ಆಗದ ಕೆಲಸ. ಈ ಹರಡುವಿಕೆಗೆ ಡಿಕೊಹೆರೆನ್ಸ್ ಎನ್ನುತ್ತಾರೆ. 'ಮೇಲೆ'ಯೂ 'ಕೆಳಗೆ'ಯೂ ಮತ್ತೆ ಯಾಕೆ ಬೆರೆಯುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ವಿವರಿಸುತ್ತದೆ. ಎರಡರಲ್ಲಿ ನನ್ನ ಕಣ್ಣಿಗೆ ಒಂದೇ ಯಾಕೆ ಬಿತ್ತು ಎಂಬುದನ್ನು ವಿವರಿಸುವುದಿಲ್ಲ.