ಹೊಳೆಯೋ ಕಣ ಮೈಯಿಂದ ಹೊರಗೆ ಬರುತ್ತಾ?

ರೋಗ ಪತ್ತೆಗೆ ಅಂತ ಮೈಯೊಳಗೆ ಬಿಡೋ ಹೊಳೆಯೋ ನ್ಯಾನೋ ಕಣಗಳ ಮೇಲೆ ನಮ್ಮ ಲ್ಯಾಬಲ್ಲಿ ಕೆಲಸ ಮಾಡ್ತೀವಿ. ಹೊಸದಾಗಿ ಸೇರಿದ ಸ್ಟೂಡೆಂಟ್ಸ್ ಮೊದಲು ತಂದು ತೋರಿಸೋದು ಯುವಿ ಲ್ಯಾಂಪ್ ಕೆಳಗೆ ಹೊಳೀತಿರೋ ಬಾಟಲಿ ಫೋಟೋನೇ. ನನಗೂ ನೋಡೋಕೆ ತುಂಬಾ ಇಷ್ಟ. ಆದ್ರೆ ನಾನು ಮೊದಲು ಕೇಳೋದು, ಇದು ಮೈಯೊಳಗೆ ಹೋದ್ಮೇಲೆ ಹೊರಗೆ ಹೇಗೆ ಬರುತ್ತೆ ಅಂತ.

ಕ್ವಾಂಟಮ್ ಡಾಟ್ಸನ್ನೇ ತಗೊಳ್ಳಿ, ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಗಲದ ಸೆಮಿಕಂಡಕ್ಟರ್ ಹರಳುಗಳು, 2023ರಲ್ಲಿ ಬವೆಂಡಿ, ಬ್ರೂಸ್, ಎಕಿಮೊವ್ ಮೂವರಿಗೆ ಕೆಮಿಸ್ಟ್ರಿ ನೊಬೆಲ್ ಬಂತಲ್ಲ, ಅದೇ. ಸೈಜ್ ಚೂರು ಬದಲಾದ್ರೆ ಬಣ್ಣಾನೇ ಬದಲಾಗುತ್ತೆ, ಮಾಮೂಲಿ ಡೈ ತರ ಬೇಗ ಮಂಕಾಗಲ್ಲ, 1998ರಲ್ಲೇ ಜೀವಕೋಶಕ್ಕೆ ಅಂಟಿಸಿ ತೋರಿಸಿದ್ರು. ಆದ್ರೆ ಚೆನ್ನಾಗಿ ಹೊಳೆಯೋ ಎಷ್ಟೋ ಡಾಟ್ಸ್ ಒಳಗಿರೋದು ಕ್ಯಾಡ್ಮಿಯಂ ಅನ್ನೋ ವಿಷದ ಲೋಹ. ಮೇಲೆ ಜಿಂಕ್ ಸಲ್ಫೈಡ್ ಪದರ ಹಾಕ್ತೀವಿ ನಿಜ, ಆದ್ರೆ ಲಿವರ್‌ನಲ್ಲಿ ತಿಂಗಳುಗಟ್ಟಲೆ ಕೂತ್ರೆ ಆ ಪದರ ಹಾಗೇ ಇರುತ್ತೆ ಅಂತ ನಾನಂತೂ ಮಾತು ಕೊಡಲ್ಲ. ಡಿಶ್‌ನಲ್ಲಿ 24 ಗಂಟೆ ಸೆಲ್ಸ್ ಸಾಯ್ಲಿಲ್ಲ ಅಂದ ಮಾತ್ರಕ್ಕೆ ಬಯೋಕಂಪ್ಯಾಟಿಬಲ್, ಅಂದ್ರೆ ಮೈಗೆ ತೊಂದ್ರೆ ಇಲ್ಲ ಅಂತ ಬರೆಯೋದನ್ನ ನಾನು ಒಪ್ಪಲ್ಲ.

ರಕ್ತಕ್ಕೆ ಬಿದ್ದ ತಕ್ಷಣ ಕಣದ ಮೇಲೆ ಪ್ರೋಟೀನ್ ಮೆತ್ಕೊಳ್ಳುತ್ತೆ. ನೀರಲ್ಲಿ ಅಳೆದಾಗ ಪುಟ್ಟದಾಗಿದ್ದ ಕಣ ಸೀರಮ್‌ಗೆ (ರಕ್ತದ ತಿಳಿ ದ್ರವಕ್ಕೆ) ಹಾಕಿದ್ಮೇಲೆ ದಪ್ಪ ಆಗಿರುತ್ತೆ, ನಮ್ಮ ಲ್ಯಾಬಲ್ಲೇ ಹೀಗಾಗಿ ತಿಂಗಳ ಕೆಲಸ ಮತ್ತೆ ಮಾಡಿದ್ದೀವಿ. 2007ರಲ್ಲಿ ಪ್ರಾಣಿಗಳಲ್ಲಿ ನೋಡಿದಾಗ ಸುಮಾರು 5.5 ನ್ಯಾನೋಮೀಟರ್‌ಗಿಂತ ಚಿಕ್ಕ ಡಾಟ್ಸ್ ಕಿಡ್ನಿ ಮೂಲಕ ಬೇಗ ಮೂತ್ರಕ್ಕೆ ಬಂದ್ವು. ದೊಡ್ಡದಾದ್ರೆ ಲಿವರ್, ಸ್ಪ್ಲೀನ್‌ನಲ್ಲಿರೋ ಮ್ಯಾಕ್ರೊಫೇಜ್‌ಗಳು, ಅಂದ್ರೆ ಹೊರಗಿನ ವಸ್ತುಗಳನ್ನ ನುಂಗೋ ರಕ್ಷಣಾ ಕೋಶಗಳು, ಹಿಡಿದಿಟ್ಕೊಳ್ತವೆ. ಅದಕ್ಕೇ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಅನ್ನೋ ಪಾಲಿಮರ್ ಹೊದಿಸೋದು, ಪ್ರೋಟೀನ್ ಅಷ್ಟಾಗಿ ಅಂಟಲ್ಲ.

ನನಗೆ ಭರವಸೆ ಕೊಟ್ಟಿದ್ದು ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಮಾಡಿದ ಕಾರ್ನೆಲ್ ಡಾಟ್ಸ್. ಸಿಲಿಕಾ ಒಳಗೆ ಡೈ, ಹೊರಗೆ ಪೆಗ್, ಆರೇಳು ನ್ಯಾನೋಮೀಟರ್ ಅಷ್ಟೇ, ಆ 5.5ರ ಗಡಿಗೆ ಹತ್ರಾನೇ. ಅದಕ್ಕೆ ರೇಡಿಯೋ ಅಯೋಡಿನ್ ಸೇರಿಸಿ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಹರಡಿದ್ದ 5 ಜನ ಪೇಷಂಟ್‌ಗಳಿಗೆ ಕೊಟ್ಟು ಆ ರೇಡಿಯೋ ಗುರುತನ್ನ ಹಿಡಿಯೋ ಪೆಟ್ ಸ್ಕ್ಯಾನ್‌ನಲ್ಲಿ ಎಲ್ಲೆಲ್ಲಿ ಹೋಗುತ್ತೆ ಅಂತ ನೋಡಿದ್ರು, 2014ರಲ್ಲಿ ವರದಿ ಬಂತು, ಕಣಗಳು ಮುಖ್ಯವಾಗಿ ಕಿಡ್ನಿ ಮೂಲಕವೇ ಹೊರಗೆ ಹೋಗಿದ್ವು. ಐದೇ ಜನ, ಆದ್ರೂ ಅದನ್ನ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಬಣ್ಣದ ವಿಷಯ. ಯುವಿ, ನೀಲಿ ಬೆಳಕು ಚರ್ಮದೊಳಗೆ ಹೆಚ್ಚು ಆಳ ಹೋಗಲ್ಲ, ರಕ್ತ ಹೀರ್ಕೊಳ್ಳುತ್ತೆ, ಸಾಲದ್ದಕ್ಕೆ ಅಂಗಾಂಶಾನೂ ತಾನೇ ಮಿಣುಕುತ್ತೆ. 700ರಿಂದ 900 ನ್ಯಾನೋಮೀಟರ್ ಹತ್ರದ ನಿಯರ್ ಇನ್‌ಫ್ರಾರೆಡ್ ಆದ್ರೆ ಚೆನ್ನಾಗಿ ಹಾಯುತ್ತೆ, 1959ರಿಂದ ಬಳಕೆಯಲ್ಲಿರೋ ಇಂಡೋಸಯನೈನ್ ಗ್ರೀನ್ ಡೈ ಹೊಳೆಯೋದೂ ಅಲ್ಲೇ. ಅಂದ್ರೆ ಪೇಷಂಟ್‌ಗೆ ಉಪಯೋಗ ಆಗೋ ಹೊಳಪು ಕಣ್ಣಿಗೆ ಕಾಣೋದೇ ಕಷ್ಟ, ಕ್ಯಾಮೆರಾ ಬೇಕು. ಹೊಳಪು ಜಾಸ್ತಿ ಇದ್ರೆ ಡೋಸ್ ಕಮ್ಮಿ ಸಾಕು, ಹಾಗಾಗಿ ಅದೂ ಬೇಕು. ಆದ್ರೆ ಈಗ ನಾನು ಬಾಟಲಿ ಫೋಟೋ ಜೊತೆಗೆ ಸೀರಮ್‌ನಲ್ಲಿ ಅಳೆದ ಸೈಜೂ, ಮೂತ್ರದಲ್ಲಿ ಎಷ್ಟು ಪಾಲು ವಾಪಸ್ ಬಂತು ಅನ್ನೋ ಲೆಕ್ಕಾನೂ ಕೇಳ್ತೀನಿ.